ಊದಿ, ಆದರೆ ಅರಿತು ಊದಿ

ಕುಡಿದು ವಾಹನ ಓಡಿಸುವವನ ಪರವಾಗಿ ನಾವು ಬರೆಯುತ್ತಿಲ್ಲ. ಅವನಿಗೆ ಶಿಕ್ಷೆಯಾಗಲೇಬೇಕು. ಆದರೆ ಚಾಮರಾಜಪೇಟೆಯಲ್ಲೋ ಗಾಂಧಿ ಬಜಾರಿನಲ್ಲೋ ರಾತ್ರಿ ಪೊಲೀಸರು ಬೈಕು ತಡೆದರೆ, 'ಏನಾದರೂ ಕೊಟ್ಟು ಮುಗಿಸಿಬಿಡು' ಎನ್ನುವುದೇ ಗೆಳೆಯರ ಮೊದಲ ಸಲಹೆ! ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಅದನ್ನು ವಿಧಿಸುವುದು ನ್ಯಾಯಾಲಯ. ರಸ್ತೆಯಲ್ಲಿ ಕೈ ಬದಲಾಯಿಸುವ ಹಣ ದಂಡವಲ್ಲ, ಲಂಚ.

'ನಾವು ಕುಡಿಯುವವರೇ ಅಲ್ಲ, ಯಾಕೆ ಊದಬೇಕು?' ಎಂದು ನಮ್ಮ ಹುಡುಗರು ಸಿಡುಕುವುದುಂಟು. ಸಿಟ್ಟು ಸಹಜ, ಆದರೆ ಅಪಾಯಕಾರಿ. ಸಕಾರಣ ಸಂಶಯವಿದ್ದರೆ ಸಮವಸ್ತ್ರದಲ್ಲಿರುವ ಪೊಲೀಸರು ಉಸಿರಿನ ಪರೀಕ್ಷೆ ಕೇಳಬಹುದು. ನಿರಾಕರಿಸಿದವನನ್ನು ವಾರಂಟ್ ಇಲ್ಲದೆ ಬಂಧಿಸಬಹುದು. ನಾಳೆ ನ್ಯಾಯಾಲಯದಲ್ಲಿ ಆ ನಿರಾಕರಣೆ ಅವನ ವಿರುದ್ಧವೇ ನಿಲ್ಲುತ್ತದೆ. ಆದ್ದರಿಂದ ಊದಿ, ಯಂತ್ರ ತೋರಿಸಿದ ಅಂಕಿಯನ್ನು ಕೇಳಿ ನೋಡಿಕೊಳ್ಳಿ.

ಬಂಧನವಾದರೆ? ಇಲ್ಲಿ ಕಾನೂನು ಪೊಲೀಸರ ಕೈಯನ್ನೂ ಕಟ್ಟಿದೆ. ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು ಎನ್ನುತ್ತದೆ 202ನೇ ಸೆಕ್ಷನ್. ಆದ್ದರಿಂದ ಬಂಧಿಸಿದ ಹೊತ್ತನ್ನು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ. ಬಂಧನದ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. 2024ರ ಜುಲೈನಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಇದನ್ನೇ ಹೇಳುತ್ತದೆ. ಈ ಹಕ್ಕು ಕುಡಿದವನಿಗೂ ಉಂಟು, ಕುಡಿಯದವನಿಗೂ ಉಂಟು.

ಮದ್ಯದ ವಿರುದ್ಧ ನಮ್ಮ ಮೊಹಲ್ಲಾಗಳಲ್ಲಿ ಭಾಷಣಗಳಿಗೆ ಬರವಿಲ್ಲ. ಅದೇ ವೇದಿಕೆಗೆ ಒಬ್ಬ ವಕೀಲರನ್ನು ಕರೆಸಿ ಹುಡುಗರಿಗೆ ಅರ್ಧ ಗಂಟೆ ಇದನ್ನು ಹೇಳಿಸಲು ಸಮಿತಿಗಳಿಗೆ ಏನು ಕಷ್ಟ?