ಎಪ್ಪತ್ತೆಂಟಕ್ಕೆ ಬಂದದ್ದು ಅದೃಷ್ಟವಲ್ಲ

ಜೋನ್ ಹಿಕ್ಸನ್ ಬಗ್ಗೆ ಬರೆಯುವವರದೆಲ್ಲ ಒಂದೇ ರಾಗ. ಜೀವನವಿಡೀ ಪುಡಿ ಪಾತ್ರ ಮಾಡಿದ ನಟಿಗೆ ಮುಪ್ಪಿನಲ್ಲಿ ಅದೃಷ್ಟ ಖುಲಾಯಿಸಿತಂತೆ. 1984ರಲ್ಲಿ ಬಿಬಿಸಿ ಕರೆದು ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಮುದುಕಿ ಮಿಸ್ ಮಾರ್ಪಲ್ ಪಾತ್ರ ಕೊಟ್ಟಿತಂತೆ. ಹವ್ಯಾಸಿ ನಾಟಕಗಳಲ್ಲಿ ಅತ್ತೆ, ಅಜ್ಜಿ, ಪಕ್ಕದಮನೆಯಾಕೆ ಆಗಿಯೇ ತಲೆಗೂದಲು ನರೆತ ನನಗೆ ಇದನ್ನು ಓದಿದರೆ ಮೈ ಉರಿಯುತ್ತದೆ.

ನಾರ್ಥಾಂಪ್ಟನ್‌ನಲ್ಲಿ 1906ರಲ್ಲಿ ಹುಟ್ಟಿ, ಲಂಡನ್ನಿನ ರಾಡಾ ನಾಟಕಶಾಲೆಯಲ್ಲಿ ಕಲಿತು, 1927ರಲ್ಲಿ ರಂಗ ಹತ್ತಿದಾಕೆ. ಸಿನಿಮಾದವರ ಕಣ್ಣಿಗೆ ಮಾತ್ರ ಆಕೆ ಕಂಡದ್ದು ಮನೆಗೆಲಸದವಳಾಗಿ, ನರ್ಸಾಗಿ, ಬಾಡಿಗೆಮನೆ ಒಡತಿಯಾಗಿ. ಕ್ರಿಸ್ಟಿಯದೇ ಕಥೆಯಿಂದ 1937ರಲ್ಲಿ ಬಂದ ‘ಲವ್ ಫ್ರಮ್ ಎ ಸ್ಟ್ರೇಂಜರ್’ನಲ್ಲಿ ಕೆಲಸದ ಹುಡುಗಿ. 1950ರ ‘ಸೆವೆನ್ ಡೇಸ್ ಟು ನೂನ್’ನಲ್ಲಿ ಬೆಕ್ಕು ಸಾಕಿಕೊಂಡು, ಬಾಡಿಗೆಗೆ ಬಂದವನನ್ನು ಅನುಮಾನದಿಂದ ನೋಡುವ ಮನೆಯೊಡತಿ. ಆ ನೋಟವನ್ನು ಒಮ್ಮೆ ಗಮನಿಸಿ. ಲಂಡನ್ನನ್ನೇ ಬಾಂಬಿಟ್ಟು ಉಡಾಯಿಸುತ್ತೇನೆಂದು ಹೊರಟ ವಿಜ್ಞಾನಿಯ ಕಥೆ ಅದು. ನನಗೆ ನೆನಪಿರುವುದು ಈಕೆ.

ತಟ್ಟೆ ಹಿಡಿದು ಬಂದು ಹೋಗುವ ಪಾತ್ರ ಸುಲಭ ಎಂದುಕೊಂಡವರು ಒಮ್ಮೆ ಮಾಡಿ ನೋಡಲಿ. ಮಾತಿಲ್ಲ, ಹಾಗಂತ ಕಂಬದಂತೆ ನಿಲ್ಲುವ ಹಾಗಿಲ್ಲ. ನಾಯಕಿಯ ಮಾತು ಕಿವಿಗೆ ಬಿದ್ದಿದೆ ಎಂದು ಪ್ರೇಕ್ಷಕನಿಗೆ ತಿಳಿಯಬೇಕು, ನಾಯಕಿಗೆ ತಿಳಿಯಬಾರದು. ಮಿಸ್ ಮಾರ್ಪಲ್ ಮಾಡುವುದೂ ಇದನ್ನೇ ಅಲ್ಲವೇ? ಹೆಣಿಗೆ ಹಿಡಿದು ಮೂಲೆಯಲ್ಲಿ ಕೂತ ಮುದುಕಿಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ; ಹಾಗಾಗಿ ಅವಳಿಗೆ ಎಲ್ಲವೂ ಕಾಣುತ್ತದೆ. ಹಿಕ್ಸನ್ ಅರ್ಧ ಶತಮಾನ ಬೇರೇನೂ ಮಾಡಿರಲಿಲ್ಲ.

ಇದನ್ನು ಮೊದಲು ಕಂಡುಕೊಂಡವಳು ಸ್ವತಃ ಕ್ರಿಸ್ಟಿ. 1940ರ ದಶಕದಲ್ಲಿ, ಇನ್ನೂ ನಲವತ್ತರ ಆಸುಪಾಸಿನಲ್ಲಿದ್ದ ಹಿಕ್ಸನ್‌ಳನ್ನು ತನ್ನದೇ ನಾಟಕವೊಂದರಲ್ಲಿ ನೋಡಿ, ಮುಂದೊಂದು ದಿನ ನನ್ನ ಮಿಸ್ ಮಾರ್ಪಲ್ ನೀನಾಗಬೇಕು ಎಂದು ಚೀಟಿ ಬರೆದು ಕಳಿಸಿದ್ದಳು. ಚಿತ್ರರಂಗಕ್ಕೆ ಅದೆಲ್ಲಿ ಕೇಳಿಸುತ್ತದೆ? 1961ರ ‘ಮರ್ಡರ್ ಶಿ ಸೆಡ್’ನಲ್ಲಿ ಮಾರ್ಗರೆಟ್ ರುದರ್‌ಫೋರ್ಡ್ ಮಿಸ್ ಮಾರ್ಪಲ್ ಆದಳು, ಹಿಕ್ಸನ್‌ಗೆ ಸಿಕ್ಕಿದ್ದು ಕಥೆ ನಡೆಯುವ ಬಂಗಲೆಯ ಕೆಲಸದಾಕೆ ಮಿಸೆಸ್ ಕಿಡರ್. (ರುದರ್‌ಫೋರ್ಡ್ ನನಗೂ ಇಷ್ಟ. ಆದರೆ ಅವಳು ಬಾಗಿಲಲ್ಲಿ ಕಂಡರೆ ಸಾಕು, ಕೊಲೆಗಾರ ಓಡಿಹೋಗುತ್ತಾನೆ!) ಆ ಸಿನಿಮಾದ ಮೂಲ ಕಾದಂಬರಿಯನ್ನು 1987ರಲ್ಲಿ ಬಿಬಿಸಿ ಮತ್ತೆ ತೆಗೆದಾಗ ಮಾರ್ಪಲ್ ಪಾತ್ರ ಹಿಕ್ಸನ್‌ಳದು.

ಅಷ್ಟು ಹೊತ್ತಿಗೆ ಬ್ರಾಡ್‌ವೇ ಕೂಡ ಆಕೆಯನ್ನು ಗುರುತಿಸಿಯಾಗಿತ್ತು. ಆಲನ್ ಏಕ್‌ಬರ್ನ್‌ನ ‘ಬೆಡ್‌ರೂಮ್ ಫಾರ್ಸ್’ನಲ್ಲಿ ಹಾಸಿಗೆಯ ಮೇಲೆಯೇ ಕೂತು ಗಂಡನೊಡನೆ ಟೋಸ್ಟು ಮೀನು ತಿನ್ನುವ ಹೆಂಗಸಿನ ಪಾತ್ರಕ್ಕೆ 1979ರ ಟೋನಿ ಪ್ರಶಸ್ತಿ ಬಂದಿತ್ತು. ಅದೂ ಪೋಷಕ ಪಾತ್ರವೇ.

ಇತ್ತ ನಮ್ಮ ಧಾರಾವಾಹಿಗಳಲ್ಲಿ ಮಗನಿಗೂ ತಾಯಿಗೂ ಐದು ವರ್ಷ ಅಂತರವಿಲ್ಲದ ಕುಟುಂಬಗಳನ್ನು ನೋಡುತ್ತಿರುತ್ತೇನೆ. ನಡು ವಯಸ್ಸಿನ ನಟಿಯ ತಲೆಗೆ ಬಿಳಿ ಬಣ್ಣ ಬಳಿದು ಅಜ್ಜಿ ಮಾಡುವವರು, ನಿಜಕ್ಕೂ ಎಪ್ಪತ್ತು ದಾಟಿ ಅಭಿನಯ ಬಲ್ಲವರ ಮನೆ ಬಾಗಿಲು ತಟ್ಟಲಿ. ವಯಸ್ಸಾದವರಿಗೆ ಮಾತು ನೆನಪಿರುವುದಿಲ್ಲ, ಶೂಟಿಂಗಿನ ದಣಿವು ತಡೆಯುವುದಿಲ್ಲ ಎಂಬ ನೆಪ ಬೇಡ. ಕ್ರಿಸ್ಟಿ ಬರೆದ ಮಾರ್ಪಲ್ ಕಾದಂಬರಿಗಳು 12. ಹನ್ನೆರಡರಲ್ಲೂ ಹಿಕ್ಸನ್ ನಟಿಸಿದಳು. ಕೊನೆಯದು 1992ರಲ್ಲಿ ಪ್ರಸಾರವಾದಾಗ ಆಕೆಗೆ 86 ವರ್ಷ.