ಆಸ್ಪತ್ರೆ ನಡೆಸುವವರಿಗೂ ಪಾಠ ಬೇಕೇ?

ಸರಕಾರಿ ಆಸ್ಪತ್ರೆಯಲ್ಲಿ ಔಷಧವಿಲ್ಲ, ನರ್ಸ್ ಇಲ್ಲ, ಇದ್ದವರಿಗೆ ಮಾತನಾಡಲು ಪುರುಸೊತ್ತಿಲ್ಲ ಎಂಬ ದೂರು ನಮ್ಮ ಮನೆಗಳಲ್ಲಿ ಸಾಮಾನ್ಯ. ಹಣ ಸಾಲದು ಎಂಬುದು ಒಂದು ಕಾರಣ. ಆದರೆ ಇರುವ ಹಣ ಮತ್ತು ಇರುವ ಜನರಿಂದ ಹೇಗೆ ಕೆಲಸ ತೆಗೆಯಲಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ವೈದ್ಯರು ಕಾಲೇಜಿನಲ್ಲಿ ಕಲಿಯುವುದು ರೋಗ ಗುರುತಿಸಿ ಚಿಕಿತ್ಸೆ ನೀಡಲು. ಮುಂದೆ ಅವರೇ ಆಡಳಿತದ ಕುರ್ಚಿಯಲ್ಲಿ ಕುಳಿತಾಗ ಸಿಬ್ಬಂದಿಯನ್ನು ಒಗ್ಗೂಡಿಸಬೇಕು, ಔಷಧದ ದಾಸ್ತಾನು ನೋಡಬೇಕು, ಲೆಕ್ಕ ಕೊಡಬೇಕು. ಅವರಿಗೆ ನಾಯಕತ್ವದ ತರಬೇತಿ ಕೊಟ್ಟರೆ ರೋಗಿಗಳಿಗೆ ಪ್ರಯೋಜನವಾದೀತೇ?

ಈಜಿಪ್ಟಿನ ದಕ್ಷಿಣ ತುದಿಯಲ್ಲಿ, ನೈಲ್ ನದಿಯ ದಂಡೆಯಲ್ಲಿರುವ ಅಸ್ವಾನ್ ಪ್ರಾಂತದ ಅನುಭವ ಇಲ್ಲಿ ಗಮನಾರ್ಹ. 1992ರಿಂದ 2000ದೊಳಗೆ ಆ ದೇಶದಲ್ಲಿ ಗರ್ಭಿಣಿ ಮತ್ತು ಬಾಣಂತಿಯರ ಮರಣ ಪ್ರಮಾಣ ಶೇ. 52ರಷ್ಟು ಇಳಿದಿತ್ತು. ಆದರೆ ಪಟ್ಟಣಕ್ಕೂ ಹಳ್ಳಿಗೂ ನಡುವಿನ ಅಂತರ ಹಾಗೆಯೇ ಉಳಿದಿತ್ತು. ಹಳ್ಳಿಗಳ ಆರೋಗ್ಯ ಸಿಬ್ಬಂದಿಯ ಉತ್ಸಾಹವೂ ಕುಗ್ಗಿತ್ತು. 2002ರಲ್ಲಿ ಆರೋಗ್ಯ ಸಚಿವಾಲಯವು ಅಮೆರಿಕದ ನೆರವಿನೊಂದಿಗೆ ಅಸ್ವಾನಿನ ಮೂರು ಜಿಲ್ಲೆಗಳಲ್ಲಿ ಹತ್ತು ತಂಡಗಳಿಗೆ ತರಬೇತಿ ಆರಂಭಿಸಿತು.

ಭಾಷಣ ಕೇಳಿ, ಸರ್ಟಿಫಿಕೇಟ್ ಪಡೆದು ಮನೆಗೆ ಮರಳುವ ತರಬೇತಿ ಅದಾಗಿರಲಿಲ್ಲ. ಒಂದೇ ಕಡೆ ದುಡಿಯುವವರು ಒಟ್ಟಿಗೆ ಕುಳಿತರು. ತಮ್ಮ ಸೇವೆಯ ಒಂದು ಕೊರತೆಯನ್ನು ತಾವೇ ಆರಿಸಿಕೊಂಡರು. ಇಂದು ಎಲ್ಲಿದ್ದೇವೆ, ಎಲ್ಲಿಗೆ ತಲುಪಬೇಕು ಎಂಬುದನ್ನು ಅಂಕಿಗಳಲ್ಲಿ ಬರೆದರು. ಅಡ್ಡಿಗಳ ಮೂಲ ಹುಡುಕಿ ಕೆಲಸ ಹಂಚಿಕೊಂಡರು. 2003ರಲ್ಲಿ ಕುಟುಂಬ ಯೋಜನೆಯ ಸೇವೆಗೆ ಹೊಸದಾಗಿ ಬಂದವರ ಭೇಟಿಗಳು ಅಸ್ವಾನ್ ಜಿಲ್ಲೆಯಲ್ಲಿ ಶೇ. 36, ದರಾವ್‌ನಲ್ಲಿ ಶೇ. 68 ಮತ್ತು ಕೋಮ್ ಒಂಬೋದಲ್ಲಿ ಶೇ. 20ರಷ್ಟು ಹೆಚ್ಚಿದವು. ಗರ್ಭಿಣಿ ಹಾಗೂ ಬಾಣಂತಿಯರ ತಪಾಸಣೆಯೂ ಹೆಚ್ಚಿತು.

ವಿದೇಶಿ ಹಣ ನಿಂತ ಮೇಲೂ ಕೆಲಸ ನಿಲ್ಲಲಿಲ್ಲ. ಸ್ಥಳೀಯ ವೈದ್ಯರು ಮತ್ತು ನರ್ಸ್‌ಗಳೇ ಅದನ್ನು 184 ಆರೋಗ್ಯ ಕೇಂದ್ರಗಳಿಗೆ ವಿಸ್ತರಿಸಿ, ಸಾವಿರಕ್ಕೂ ಹೆಚ್ಚು ಸಿಬ್ಬಂದಿಗೆ ಕಲಿಸಿದರು. ತಾಯಂದಿರ ಸಾವು ತಡೆಯುವುದನ್ನೇ ವಾರ್ಷಿಕ ಗುರಿಯಾಗಿಸಿಕೊಂಡರು. ಒಂದು ಲಕ್ಷ ಜೀವಂತ ಜನನಗಳಿಗೆ 2005ರಲ್ಲಿ 85 ಇದ್ದ ತಾಯಂದಿರ ಮರಣ 2007ರಲ್ಲಿ 35.5ಕ್ಕೆ ಇಳಿಯಿತು. ಅದೇ ಸ್ಥಿತಿಯ ಇತರ ಪ್ರಾಂತಗಳಲ್ಲಿ ಇಷ್ಟು ಇಳಿಕೆ ಕಾಣಲಿಲ್ಲ.

ಈ ಶ್ರೇಯಸ್ಸನ್ನೆಲ್ಲ ತರಬೇತಿಗೇ ಕೊಡುವುದು ಸರಿಯಾಗದು. ಒಂದು ಪ್ರಾಂತದಲ್ಲಿ ವರ್ಷಕ್ಕೆ ಸಂಭವಿಸುವ ಇಂತಹ ಸಾವುಗಳ ಸಂಖ್ಯೆ ಚಿಕ್ಕದು; ಕೆಲವು ಹೆಚ್ಚು ಕಡಿಮೆಯಾದರೂ ಪ್ರಮಾಣ ಬಹಳ ಬದಲಾಗುತ್ತದೆ. ಔಷಧ, ರಕ್ತ, ಆಂಬುಲೆನ್ಸ್ ಇಲ್ಲದ ಕಡೆ ನಾಯಕತ್ವವೊಂದೇ ತಾಯಿಯನ್ನು ಉಳಿಸಲಾರದು. ಆದರೆ ಇವೆಲ್ಲ ಇದ್ದೂ ಸಮಯಕ್ಕೆ ಒದಗದಿದ್ದರೆ, ಒದಗಿಸುವವರೇ ಕಲಿಯಬೇಕು.

ಸಹೋದರಿಯರೇ, ನಮ್ಮ ಊರಿನ ಆಸ್ಪತ್ರೆಯ ಅಧಿಕಾರಿಗಳೂ ತರಬೇತಿಗೆ ಹೋಗುತ್ತಾರೆ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿರುವವರು ನಿಮಗೆ ಪರಿಚಿತರಾಗಿದ್ದರೆ ಕೇಳಿ ನೋಡಿ: ಆ ತರಬೇತಿಯ ನಂತರ ಎಷ್ಟು ಗರ್ಭಿಣಿಯರು ತಪಾಸಣೆಗೆ ಬಂದರು? ಎಷ್ಟು ದಿನ ಔಷಧ ಮುಗಿದಿತ್ತು? ರಾತ್ರಿ ಹೆರಿಗೆಗೆ ಬಂದವರನ್ನು ಎಷ್ಟು ಸಲ ಬೇರೆಡೆಗೆ ಕಳುಹಿಸಲಾಯಿತು? ತರಬೇತಿ ಫಲ ಕೊಟ್ಟಿದೆಯೇ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.