ಆರೋಗ್ಯ ವಿಚಾರ: ಹಸಿ ಮೀನೂ ಯಕೃತ್ತಿನ ಹುಳುವೂ

ಥಾಯ್ಲೆಂಡ್ ದೇಶದ ಈಶಾನ್ಯ ಭಾಗವಾದ ಈಸಾನ್ ಸೀಮೆಯಲ್ಲಿ ‘ಕೋಯ್ ಪ್ಲಾ’ ಎಂಬ ಖಾದ್ಯವು ಜನರಿಗೆ ಬಲು ಪ್ರಿಯವಾದುದು. ಕೆರೆ ಗದ್ದೆಗಳ ಸಣ್ಣ ಮೀನನ್ನು ಹಸಿಯಾಗಿಯೇ ಕೊಚ್ಚಿ, ನಿಂಬೆಯ ರಸ, ಖಾರ, ಸೊಪ್ಪುಗಳನ್ನು ಕಲಸಿ ಉಣ್ಣುವರು. ಹುಳಿಯು ಸೋಂಕಿದೊಡನೆ ಮಾಂಸವು ಬೆಳ್ಳಗಾಗಿ ಬೆಂದಂತೆ ತೋರುವುದು. ಆದರೆ ಬೆಂದಂತೆ ತೋರುವುದು ಬೇರೆ, ಬೇಯುವುದು ಬೇರೆ. ಈ ಭೇದವನ್ನು ಲಕ್ಷಿಸದೆ ಆ ಸೀಮೆಯ ಎಷ್ಟೋ ಸಂಸಾರಗಳು ದುಡಿಯುವ ಯಜಮಾನನನ್ನೇ ಕಳೆದುಕೊಂಡಿವೆ.

ಇದಕ್ಕೆ ಕಾರಣವು ಎಲೆಯಂತೆ ಚಪ್ಪಟೆಯಾದ ಒಂದು ಸಣ್ಣ ಹುಳು. ಇದರ ಜೀವನಕ್ರಮವು ವಿಚಿತ್ರವಾದುದು. ರೋಗಿಯ ಮಲದೊಡನೆ ಹೊರಬಿದ್ದ ಮೊಟ್ಟೆಗಳು ನೀರನ್ನು ಸೇರುವುವು. ಅವನ್ನು ಒಂದು ಬಗೆಯ ಬಸವನಹುಳು ನುಂಗುವುದು. ಅದರೊಳಗೆ ಬೆಳೆದ ಮರಿಗಳು ಹೊರಟು ಈಜಿ ಮೀನಿನ ಮಾಂಸವನ್ನು ಹೊಕ್ಕು ಕೋಶ ಕಟ್ಟಿಕೊಂಡು ಕಾದಿರುವುವು. ಆ ಮೀನನ್ನು ಹಸಿಯಾಗಿ ತಿಂದವನ ಕರುಳಿನಲ್ಲಿ ಕೋಶವು ಒಡೆದು, ಮರಿಯು ಪಿತ್ತನಾಳವನ್ನೇರಿ ಯಕೃತ್ತಿನಲ್ಲಿ ಮನೆಮಾಡುವುದು. ಬೆಕ್ಕು ನಾಯಿಗಳಿಗೂ ಈ ಹುಳುವು ಅಂಟುವುದುಂಟು.

ಚೀನಾ, ಕೊರಿಯಾ ದೇಶಗಳಲ್ಲಿರುವ ಇದರ ಸೋದರ ಜಾತಿಯನ್ನು ಮೊದಲು ಗುರುತಿಸಿದುದು ನಮ್ಮ ಕಲ್ಕತ್ತೆಯಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. 1874ರಲ್ಲಿ ಅಲ್ಲಿಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಮೆಕ್‌ಕಾನೆಲರು ಮೃತನಾದ ಒಬ್ಬ ಚೀನೀಯನ ಪಿತ್ತನಾಳಗಳಲ್ಲಿ ಈ ಹುಳುಗಳನ್ನು ಕಂಡು, ಮರುವರ್ಷ ಅದನ್ನು ಪ್ರಕಟಿಸಿದರು. ಇದು ಮೀನಿನ ಮೂಲಕ ಬರುವುದೆಂಬ ಸಂಗತಿಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಕೊಬಯಾಶಿಯವರು ತೋರಿಸಿಕೊಟ್ಟರು.

ಈ ಶತ್ರುವಿನ ಕ್ರೌರ್ಯವೆಲ್ಲ ಅದರ ಮೌನದಲ್ಲಿದೆ. ಬಹುಮಂದಿಗೆ ಹೊಟ್ಟೆನೋವೂ ಬಾರದು, ಜ್ವರವೂ ಬಾರದು. ಹುಳುವಾದರೋ ಹತ್ತು ವರ್ಷಕ್ಕೂ ಮಿಗಿಲಾಗಿ ಬದುಕಿ ನಾಳವನ್ನು ಕೆರಳಿಸುತ್ತಲೇ ಇರುವುದು. ಕೆಲವರಲ್ಲಿ ಇದು ಕಡೆಗೆ ಪಿತ್ತನಾಳದ ಕ್ಯಾನ್ಸರಿಗೆ ತಿರುಗುವುದು. ಕಾಮಾಲೆ ಕಾಣಿಸುವ ವೇಳೆಗೆ ಚಿಕಿತ್ಸೆಯ ಕಾಲವು ಬಹುಮಟ್ಟಿಗೆ ಮೀರಿರುವುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಥಾಯ್ಲೆಂಡಿನ ಜಾತಿಯನ್ನು 1994ರಲ್ಲಿಯೂ ಚೀನಾದ ಜಾತಿಯನ್ನು 2009ರಲ್ಲಿಯೂ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು.

ಪ್ರಾಜಿಕ್ವಾಂಟೆಲ್ ಎಂಬ ಔಷಧವು ಹುಳುವನ್ನು ಕೊಲ್ಲುವುದು ನಿಜ. ಆದರೆ ಅದು ಮರುಸೋಂಕನ್ನು ತಡೆಯಲಾರದು. ಮದ್ದಿದೆಯೆಂಬ ಧೈರ್ಯದಿಂದ ಮತ್ತೆ ಹಸಿ ಮೀನಿಗೆ ಕೈಯಿಡುವವರು ಹಲವರು. ಆದುದರಿಂದಲೇ ಖೋನ್ ಕೇನ್ ಪ್ರಾಂತದ ಲಾವಾ ಸರೋವರದ ಸುತ್ತಣ ಹಳ್ಳಿಗಳಲ್ಲಿ ಮದ್ದಿನ ಜೊತೆಗೆ ಶಾಲೆಯ ಮಕ್ಕಳಿಗೆ ಬೋಧನೆ, ಮನೆಮನೆಗೆ ತಿಳಿವಳಿಕೆ ಇವನ್ನೂ ನಡೆಯಿಸಿದರು; ರೋಗವು ಬಹಳವಾಗಿ ಇಳಿಯಿತು.

ನಮ್ಮ ಮನೆಗಳಲ್ಲಿ ಮೀನನ್ನು ಒಲೆಗೇರಿಸಿಯೇ ಉಣ್ಣುವ ರೂಢಿಯಿದೆ. ಇದನ್ನು ಹಳೆಯ ಪದ್ಧತಿಯೆಂದು ಹಗುರವಾಗಿ ಕಾಣಬಾರದು. ಪರದೇಶಕ್ಕೆ ಹೋಗುವವರು ಅಲ್ಲಿಯೂ ಇದನ್ನು ಪಾಲಿಸತಕ್ಕದ್ದು. ಹೊಳೆ ಕೆರೆಗಳ ಮೀನು ನಡುವಿನವರೆಗೂ ಚೆನ್ನಾಗಿ ಬೇಯಬೇಕು. ನಿಂಬೆ, ಉಪ್ಪು, ಖಾರ, ಮದ್ಯ ಯಾವುದೂ ಬೆಂಕಿಯ ಕೆಲಸವನ್ನು ಮಾಡಲಾರದು. ಶೀತಪೆಟ್ಟಿಗೆಯಲ್ಲಿ ಒಂದೆರಡು ದಿನ ಇಟ್ಟುದನ್ನೂ ನಂಬಲಾಗದು. ಹಿಂದೆ ಅಂತಹ ಊಟ ಮಾಡಿದವರು ನೋವಿಲ್ಲವೆಂದು ಸುಮ್ಮನಿರದೆ, ವೈದ್ಯರಿಗೆ ಅದನ್ನು ತಿಳಿಸಿ ಮಲಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ನಾಲಿಗೆಯ ರುಚಿಯು ಗಳಿಗೆಯದು. ಅದರ ಸಾಲವನ್ನು ಯಕೃತ್ತು ವರ್ಷಗಟ್ಟಲೆ ತೀರಿಸಬೇಕಾಗುವುದು.